ಕೆಲಸವೂ ದೇವರ ಕರೆ ಅಂದಿದ್ದಕ್ಕೆ

ಸಿಂಧನೂರಿನ ಒಂದು ಸಣ್ಣ ಸಭೆಗೆ ನಾನು ಪಾಸ್ಟರ್. ಆಗಾಗ ಮಸ್ಕಿ, ಲಿಂಗಸುಗೂರಿಗೂ ಹೋಗಿ ಪ್ರಸಂಗ ಮಾಡುತ್ತೇನೆ. "ದೇವರು ಪಾಸ್ಟರನ್ನಷ್ಟೇ ಕರೆಯೋದಿಲ್ಲ, ನಿಮ್ಮ ನಿಮ್ಮ ಕೆಲಸವೂ ಆತನ ಕರೆಯೇ" ಅನ್ನೋದು ನನ್ನ ಮೆಚ್ಚಿನ ಮಾತು. ಅದನ್ನು ಹೇಳಿದಲ್ಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ.

ಮಸ್ಕಿಯ ದರ್ಜಿ

"ಅಯ್ಯಗಾರೆ, ಮಷಿನ್ ಬಿಟ್ಟು ಸುವಾರ್ತೆ ಸಾರಾಕ ಹೋಗ್ತೀನ್ರಿ. ದೇವರು ಕರೆಯಾಕತ್ತಾನ" ಎಂದು ದರ್ಜಿಯೊಬ್ಬ ಬಂದ.

"ಹೊಲಿಯೋದೂ ಸೇವೇನೇ. ಹೇಳಿದ ದಿನಕ್ಕ ಬಟ್ಟಿ ಕೊಡು, ಅದೇ ನಿನ್ನ ಸಾಕ್ಷಿ" ಅಂದೆ.

ಅವನು ಕೊರಳಲ್ಲಿದ್ದ ಅಳತೆಯ ಟೇಪನ್ನು ಬೆರಳಿಗೆ ಸುತ್ತಿಕೊಂಡ. "ಅದಕ್ಕಿಂತ ಸುವಾರ್ತೆ ಸಾರೋದೇ ಸಲೀಸ್ರಿ."

ಲಿಂಗಸುಗೂರಿನ ಬಸ್ಸು

"ಮುಂದಿನ ಭಾನುವಾರ ನಿಮ್ಮ ಕೆಲಸದ ಸಾಮಾನು ತರ್ರಿ, ಪ್ರಾರ್ಥನೆ ಮಾಡೋಣ" ಅಂದಿದ್ದೆ. ಗೋಡೆ ಕಟ್ಟುವ ಗೌಂಡಿ ಕರಣಿ ತಂದ. ಡ್ರೈವರ್ ಬಸ್ಸನ್ನೇ ತಂದ, ಒಳಗೆ ಜನ ತುಂಬಿದ್ದರು! "ಲಗೂ ಮಾಡ್ರಿ, ಟೈಮ್ ಆಗೈತಿ" ಅಂದ. ನಾನು ಬಸ್ಸಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ್ದೇ ತಡ, ಕಿಟಕಿಯಿಂದ ಒಬ್ಬ ಹೆಣ್ಣುಮಗಳು ಕೂಗಿದಳು: "ಸ್ವಾಮೇರ, ಬಸ್ ಚಲೋ ಐತ್ರಿ. ಡ್ರೈವರ್ ತಲಿ ಮ್ಯಾಲ ಕೈ ಇಡ್ರಿ!"

ಗೊರೇಬಾಳದ ಗದ್ದೆ

ಸಿಂಧನೂರಿನಲ್ಲಿ "ಭತ್ತದ ನಾಟಿ ಹಚ್ಚೋದೂ ಆರಾಧನೆ" ಎಂದು ಪ್ರಸಂಗ ಮಾಡಿದೆ. ಮುಂದಿನ ಭಾನುವಾರ ಹೋದರೆ ನನ್ನ ಹೆಂಡತಿ ಮತ್ತು ಮೈಕು ಬಿಟ್ಟು ಯಾರೂ ಇಲ್ಲ. ಸಭೆಯ ಹಿರಿಯಮ್ಮನಿಗೆ ಫೋನ್ ಹಚ್ಚಿದೆ. "ಎಲ್ಲಾರೂ ಗೊರೇಬಾಳದಾಗ ಆರಾಧನೆ ಮಾಡಾಕತ್ತೀವ್ರಿ" ಅಂದಳು.

ಸಿಟ್ಟು ಬಂತು. ಅದರ ಬೆನ್ನಿಗೇ ನಾಚಿಕೆಯೂ ಆಯಿತು. ಇಷ್ಟು ವರ್ಷ ದುಡಿಮೆಯ ಬಗ್ಗೆ ಮಾತಾಡಿದ ನಾನು ಒಮ್ಮೆಯೂ ಕೆಸರಿಗೆ ಕಾಲಿಟ್ಟಿರಲಿಲ್ಲ. ಬೈಕ್ ಹತ್ತಿ ಹೋಗಿ, ಪ್ಯಾಂಟ್ ಮಡಚಿ ಗದ್ದೆಗಿಳಿದೆ. ಹೆಣ್ಣುಮಕ್ಕಳು ನಗು ತಡೆದುಕೊಂಡು ಸಸಿ ಕೊಟ್ಟರು. ಅರ್ಧ ತಾಸಿಗೆ ಸೊಂಟ ಹಿಡಿಯಿತು. ತಿರುಗಿ ನೋಡಿದರೆ ನಾನು ನೆಟ್ಟ ಸಸಿಗಳೆಲ್ಲ ನೀರ ಮೇಲೆ ತೇಲುತ್ತಿದ್ದವು. ಹಿರಿಯಮ್ಮ ಒಂದೊಂದನ್ನೇ ಎತ್ತಿ ಮತ್ತೆ ಊರುತ್ತ ಬಂದಳು.

"ಅಯ್ಯಗಾರೆ, ದೇವರು ಒಬ್ಬೊಬ್ಬರನ್ನ ಒಂದೊಂದು ಕೆಲಸಕ್ಕ ಕರೀತಾನಂತ ನೀವೇ ಹೇಳೀರಲ್ಲ?"

"ಹೌದು" ಅಂದೆ.

"ನಿಮ್ಮನ್ನ ಇದಕ್ಕ ಕರದಿಲ್ರಿ. ಬದುವಿನ ಮ್ಯಾಲ ಹತ್ರಿ, ಅಲ್ಲಿಂದನ ಪ್ರಸಂಗ ಮಾಡ್ರಿ. ನಮ್ಮ ಕಾಲು ಕೆಸರಿನಾಗ ಹುಗದಾವ, ಇವತ್ತಾದ್ರೂ ಪ್ರಸಂಗದ ನಡುವ ಯಾರೂ ಎದ್ದು ಹೋಗಂಗಿಲ್ಲ!"