ಶಂಕರಪುರದಿಂದ ಸೈನ್ಯಕ್ಕೆ

ಸೈನ್ಯದಲ್ಲಿದ್ದಷ್ಟು ದಿನ ನಗು ಬರುವಂಥದ್ದು ಹೆಚ್ಚೇನೂ ನಡೆಯಲಿಲ್ಲ. ನಿವೃತ್ತನಾಗಿ ಶಂಕರಪುರದ ಮನೆಯಲ್ಲಿ ಕೂತ ಮೇಲೆ ವಾರಕ್ಕೊಂದಾದರೂ ನಡೆಯುತ್ತಿದೆ, ಅದೂ ಸೈನ್ಯದ ವಿಷಯದಲ್ಲೇ.

ನಾನಿದ್ದದ್ದು ಸರಬರಾಜು ವಿಭಾಗದಲ್ಲಿ. ಅಕ್ಕಿ, ಬೇಳೆ, ಸೀಮೆಎಣ್ಣೆ, ಹಾಲಿನ ಪುಡಿ ಇವನ್ನೆಲ್ಲ ಬೆಟ್ಟದ ಮೇಲಕ್ಕೆ ಕಳಿಸುವುದೇ ನನ್ನ ಯುದ್ಧ. ಸುಬೇದಾರನಾಗಿ ನಿವೃತ್ತನಾದೆ. ಸೈನ್ಯ ಕೊಡದ ಬಡ್ತಿಯನ್ನು ನಮ್ಮ ಬೀದಿಯವರು ಕೊಟ್ಟರು. ಎಲ್ಲರ ಬಾಯಲ್ಲೂ ನಾನು 'ಮೇಜರ್ ಸಾರ್'. ಮೊದಮೊದಲು ತಿದ್ದುತ್ತಿದ್ದೆ. ಆಮೇಲೆ ಸುಮ್ಮನಾದೆ. ಕೇಳಲು ಚೆನ್ನಾಗಿಯೇ ಇತ್ತು.

ಧ್ವಜ ಹಾರಿಸುವ ದಿನ ಮಾತ್ರ ನನ್ನನ್ನು ನೆನೆಸಿಕೊಳ್ಳುತ್ತಿದ್ದ ಈ ಬೀದಿಗೆ ಈಗ ದಿನಾ ನನ್ನ ನೆನಪು. ಕಂಪನಿಗಳು ಜನರನ್ನು ಮನೆಗೆ ಕಳಿಸಲು ಶುರುಮಾಡಿವೆ, ಅದಕ್ಕೆ. ಎದುರು ಮನೆಯ ಹುಡುಗನ ಕಥೆಯೂ ಅದೇ. ಎಂಜಿನಿಯರಿಂಗ್ ಮುಗಿಸಿ ಸೇರಿದ ಮೊದಲ ಕೆಲಸ. ಒಂದು ಸಂಜೆ ಮೇಲ್ ಬಂತು, ಮಾರನೇ ಬೆಳಗ್ಗೆ ಲ್ಯಾಪ್‌ಟಾಪ್ ವಾಪಸ್ ತೆಗೆದುಕೊಂಡು ಹೋಗಲು ಆಳು ಬಂದ. ಆಮೇಲೆ ಹೋದ ಇಂಟರ್‌ವ್ಯೂಗಳಲ್ಲೆಲ್ಲ 'ತಿಳಿಸ್ತೀವಿ' ಅಂದರು, ಯಾರೂ ತಿಳಿಸಲಿಲ್ಲ. ಸೈನ್ಯದಲ್ಲಿ ಆಫೀಸರ್ ಆಗಬೇಕು ಅಂತ ಹುಡುಗ ಹೊರಟ. ಅರ್ಜಿ, ತಯಾರಿ ಎಲ್ಲ ನನ್ನ ಹೆಗಲಿಗೆ ಬಿತ್ತು. ವಯಸ್ಸಿನ ಮಿತಿ ಹತ್ತಿರ ಬಂದಿತ್ತು. ಈ ಸಲ ತಪ್ಪಿದರೆ ಮತ್ತೆ ಇಲ್ಲ. ಅವನ ತಾಯಿಗೆ ಮಾತ್ರ ಇದು ಸುತರಾಂ ಇಷ್ಟವಿಲ್ಲ. ಇರುವವನು ಒಬ್ಬನೇ ಮಗ. ಈ ತಾಯಿ ಮಗನ ಮಧ್ಯೆ ನಾನು ಸಿಕ್ಕಿಹಾಕಿಕೊಂಡೆ.

ನೋಟಿಸ್ ಪೀರಿಯಡ್

ಮೊದಲು ಬಂದವರು ಹುಡುಗನ ತಂದೆ. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದವರು. ಸಾಲ ಕೇಳಲು ಬಂದವರನ್ನು ವಿಚಾರಿಸುವ ಹಾಗೆಯೇ ಸೈನ್ಯವನ್ನು ವಿಚಾರಿಸಿದರು. ಸೈನ್ಯದ ಪರವಾಗಿ ನಾನು ಕುರ್ಚಿಯ ತುದಿಯಲ್ಲಿ ಕೂತು ಉತ್ತರ ಕೊಟ್ಟೆ.

"ಸಂಬಳ ತಿಂಗ್ಳು ತಿಂಗ್ಳು ಸರಿಯಾಗಿ ಬರತ್ತಾ?"

"ಬರತ್ತೆ."

"ಇದ್ದಕ್ಕಿದ್ದ ಹಾಗೆ ಮುಚ್ಚಿಬಿಡೋ ಚಾನ್ಸ್ ಏನಾದ್ರೂ?"

"ಸೈನ್ಯ ಮುಚ್ಚೋದಾ? ಹಾಗಾದ್ರೆ ಆವತ್ತು ನಿಮ್ಮ ಬ್ಯಾಂಕೂ ಇರಲ್ಲ ಸಾರ್."

ಅವರಿಗೆ ಸ್ವಲ್ಪ ಸಮಾಧಾನವಾಯಿತು. ಕನ್ನಡಕ ಒರೆಸಿಕೊಂಡು ಮುಖ್ಯವಾದ ಪ್ರಶ್ನೆಗೆ ಬಂದರು. "ಸೇರಿದ್ಮೇಲೆ ಇವನಿಗೆ ಬೇಡ ಅನ್ಸಿದ್ರೆ? ನೋಟಿಸ್ ಪೀರಿಯಡ್ ಎಷ್ಟು?"

"ಇದು ಹತ್ತು ವರ್ಷದ ಸೇವೆ ಸಾರ್. ಮಧ್ಯದಲ್ಲಿ ಬೇಡ ಅಂತ ಎದ್ದು ಬರೋ ಹಾಗಿಲ್ಲ."

ಅವರ ಮುಖ ಸಣ್ಣದಾಯಿತು. ಇವರು ಇನ್ನು ಎದ್ದು ಹೋಗುತ್ತಾರೆ ಅಂದುಕೊಂಡೆ. ಅವರು ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು.

"ಅವರೂ ಹಾಗೇನಾ? ಅವರೂ ಹತ್ತು ವರ್ಷ ಇವನ್ನ ಮನೆಗೆ ಕಳ್ಸೋ ಹಾಗಿಲ್ವಾ?"

"ತಪ್ಪು ಮಾಡದಿದ್ರೆ ಕಳ್ಸಲ್ಲ."

"ಎಲ್ಲಿ ಸೈನ್ ಹಾಕ್ಬೇಕು ಹೇಳಿ!" ಎಂದು ಜೇಬಿನಿಂದ ಪೆನ್ನು ತೆಗೆದೇಬಿಟ್ಟರು. ಸೈನ್ಯಕ್ಕೆ ಸೇರುತ್ತಿರುವುದು ಮಗ ಎಂದು ನಾನೇ ನೆನಪಿಸಬೇಕಾಯಿತು.

ಗ್ರಹಗತಿ

ಗಂಡ ಒಪ್ಪಿದ್ದು ತಿಳಿದು ಹುಡುಗನ ತಾಯಿ ಜಾತಕ ಹಿಡಿದು ಚಾಮರಾಜಪೇಟೆಗೆ ಹೋದರು. ಅಲ್ಲಿ ಅವರ ಮನೆತನಕ್ಕೆ ಹಳೆಯ ಜ್ಯೋತಿಷಿಯೊಬ್ಬರಿದ್ದಾರೆ. ಅವರು 'ಬೇಡ' ಎಂದರೆ ಮನೆಯಲ್ಲಿ ಯಾರೂ ತುಟಿ ಬಿಚ್ಚುವುದಿಲ್ಲ. 'ಬೇಡ' ಅನ್ನಿಸಲೆಂದೇ ಆಕೆ ಹೊರಟದ್ದು. ಹೊರಡುವ ಮುಂಚೆ ನಮ್ಮ ಗೇಟಿನ ಹತ್ತಿರ ನಿಂತು, "ಮೇಜರ್ ಸಾರ್, ಅವರು ಬೇಡ ಅಂದ್ರೆ ನೀವೂ ಬಿಟ್ಬಿಡ್ಬೇಕು ಮತ್ತೆ" ಎಂದು ನನ್ನಿಂದ ಮಾತು ತೆಗೆದುಕೊಂಡರು.

ಜ್ಯೋತಿಷಿಗಳು ಜಾತಕ ಬಿಡಿಸಿ, ಬೆರಳು ಮಡಿಚಿ ಲೆಕ್ಕ ಹಾಕಿದರಂತೆ. ಆಕೆ ಸಹಾಯ ಮಾಡುವ ದನಿಯಲ್ಲಿ, "ಇವನಿಗೆ ದೂರ ಪ್ರಯಾಣ ಆಗ್ಬರಲ್ಲ ಅಂತ ಹಿಂದೆ ನೀವೇ ಹೇಳಿದ್ರಿ" ಎಂದರಂತೆ.

"ಅದು ಆಗ. ಈಗ ಯೋಗ ಬಹಳ ಚೆನ್ನಾಗಿದೆ, ಧಾರಾಳವಾಗಿ ಕಳ್ಸಿ" ಎಂದರು ಅವರು. ಆಮೇಲೆ ದನಿ ತಗ್ಗಿಸಿ, "ಈ ಅರ್ಜಿ ಎಲ್ಲಾ ಯಾರು ನೋಡ್ಕೊತಾರೆ ತಾಯಿ? ನಮ್ಮ ತಂಗಿ ಮಗನ್ನೂ ಮೊನ್ನೆ ಕಂಪನಿಯವರು ಮನೆಗೆ ಕಳ್ಸಿದಾರೆ" ಎಂದು ಕೇಳಿದರು.

ಮಾರನೇ ಬೆಳಗ್ಗೆ ಪಾರ್ಕಿನಲ್ಲಿ ನನ್ನೆದುರು ಇಬ್ಬರು ಹುಡುಗರು ನಿಂತಿದ್ದರು.

ಬೆಂಚಿನವರು

ಜ್ಯೋತಿಷಿಗಳ ತಂಗಿ ಮಗ ಎರಡೇ ದಿನಕ್ಕೆ ನಿದ್ದೆಯೇ ಮೇಲು ಎಂದು ನಿರ್ಧರಿಸಿದ. ಎದುರು ಮನೆಯವನು ಮಾತ್ರ ತಪ್ಪದೆ ಬಂದ. ನಾನು ಗಡಿಯಾರ ಹಿಡಿದು ನಿಲ್ಲುವುದು, ಅವನು ಬಸವನಗುಡಿಯ ಆ ಪಾರ್ಕನ್ನು ಸುತ್ತುವುದು. ಆದರೆ ಅವನ ಓಟ ಸುಧಾರಿಸುವ ಲಕ್ಷಣ ಕಾಣಲಿಲ್ಲ. ಮರಗಳ ಹಿಂದೆ ಮಾಯವಾದರೆ ಎಷ್ಟು ಹೊತ್ತಾದರೂ ಈಚೆಗೆ ಬರುತ್ತಿರಲಿಲ್ಲ.

ಏನೆಂದು ನೋಡಲು ಒಂದು ದಿನ ಹಿಂದೆಯೇ ಹೋದೆ. ಆ ಕಡೆ ಒಂದು ಬೆಂಚಿದೆ, ಅದರ ತುಂಬ ನಿವೃತ್ತರು. ಎಲ್ಲರೂ ಇವನನ್ನು ಚಡ್ಡಿ ಹಾಕುವ ವಯಸ್ಸಿನಿಂದ ನೋಡಿದವರು. ಹಿರಿಯರು ಮಾತಾಡಿಸಿದರೆ ನಿಲ್ಲದೆ ಹೋಗುವ ಅಭ್ಯಾಸ ನಮ್ಮ ಕಡೆಯ ಮಕ್ಕಳಿಗಿಲ್ಲ. ಪ್ರತಿ ಸುತ್ತಿಗೂ ಹುಡುಗ ಅಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ.

"ಕೆಲ್ಸ ಸಿಕ್ತೇನಪ್ಪಾ?"

"ಇನ್ನೂ ಇಲ್ಲ ಅಂಕಲ್."

ಮುಂದಿನ ಸುತ್ತಿನಲ್ಲಿ ಪಕ್ಕದವರು. "ಈಗೇನು, ಬರೀ ಓಡೋದೇನಾ?"

ನನಗೆ ರೇಗಿಹೋಯಿತು. ಕೆಲಸ ಹೋದವನಿಗೆ ದಿನಾ ಅದನ್ನೇ ಕೇಳಿದರೆ ಅವನ ಜೀವ ಏನಾಗಬೇಡ! "ನಾಳೆಯಿಂದ ಬೆಂಚು ಬಂದಾಗ ಇನ್ನೂ ಜೋರಾಗಿ ಓಡು. ಮರ್ಯಾದೆ ಕೊಡಬೇಕು ಅನ್ನಿಸಿದರೆ ಓಡುತ್ತಲೇ ಕೈಮುಗಿ" ಎಂದು ಆಜ್ಞೆ ಮಾಡಿದೆ.

ಹುಡುಗ ಹಾಗೆಯೇ ಮಾಡಿದ. ಬೆಂಚು ಹತ್ತಿರ ಬಂದರೆ ಸಾಕು, ತನ್ನನ್ನು ಹಿಡಿಯಲು ಯಾರೋ ಬರುತ್ತಿರುವಂತೆ ಓಡಿದ. ವಾರದಲ್ಲಿ ಅವನ ಓಟ ನನಗೇ ನಂಬಿಕೆಯಾಗದಷ್ಟು ಚುರುಕಾಯಿತು. ಆದರೆ ಬೆಂಚಿನವರೂ ಸೋಲುವವರಲ್ಲ. ಒಂದು ಬೆಳಗ್ಗೆ ಹುಡುಗನ ಪಕ್ಕದಲ್ಲೇ, ಮಫ್ಲರ್ ಸುತ್ತಿಕೊಂಡ ಒಬ್ಬ ಹಿರಿಯರು ಸರಿಸಮವಾಗಿ ಓಡಿಬರುವುದು ಕಂಡಿತು. ಮಂಡಿನೋವೆಂದು ಮಗಳ ಮದುವೆಯಲ್ಲೂ ಕುರ್ಚಿ ಬಿಟ್ಟು ಏಳದವರು! ಅರ್ಧ ಪಾರ್ಕು ಅವನ ಜೊತೆ ಓಡಿ, ಏದುಸಿರು ಬಿಡುತ್ತಾ ಕೇಳಿದರು.

"ಅಲ್ಲಪ್ಪಾ... ಅಲ್ಲಿ... ಸಂಬಳ ಎಷ್ಟು ಕೊಡ್ತಾರೆ?"

ಹಲಗೆ

ಆಯ್ಕೆಯ ಪರೀಕ್ಷೆ ನಡೆದದ್ದು ಈ ಊರಿನಲ್ಲೇ. ಕೆಲವು ದಿನ ಅಲ್ಲೇ ಇರಬೇಕು. ಅಲ್ಲೊಂದು ಆಟದಂಥ ಪರೀಕ್ಷೆಯಿದೆ. ಒಂದು ಹಲಗೆ, ಒಂದು ಹಗ್ಗ, ಒಂದು ಭಾರವಾದ ಪೀಪಾಯಿ ಕೊಡುತ್ತಾರೆ. ನೆಲಕ್ಕೆ ಕಾಲು ತಾಗದ ಹಾಗೆ ಗುಂಪಿನವರನ್ನೂ ಪೀಪಾಯಿಯನ್ನೂ ಆಚೆಗೆ ದಾಟಿಸಬೇಕು. ದೊಡ್ಡ ದೊಡ್ಡ ಕೋಚಿಂಗ್‌ನಲ್ಲಿ ಓದಿ ಬಂದವರೆಲ್ಲ ತಲೆ ಕೆರೆದುಕೊಳ್ಳುತ್ತಿದ್ದರಂತೆ. ನಮ್ಮ ಹುಡುಗ ಹಲಗೆ ಇಟ್ಟ, ಕಾಲಲ್ಲಿ ಒತ್ತಿ ನೋಡಿದ, ಒಬ್ಬೊಬ್ಬರನ್ನೇ ಕೈಹಿಡಿದು ದಾಟಿಸಿದ, ಪೀಪಾಯಿಯನ್ನು ಸೊಂಟಕ್ಕೆ ಆನಿಸಿಕೊಂಡು ತಾನೂ ದಾಟಿದ.

ಆಫೀಸರಿಗೆ ಆಶ್ಚರ್ಯ. "ಇದಕ್ಕೆಲ್ಲಿ ತರಬೇತಿ ತಗೊಂಡೆ?"

"ನಮ್ಮ ಬೀದೀಲಿ ಸಾರ್. ಚರಂಡಿಗೆ ಅಂತ ಅಗೆದು ಹಾಗೇ ಬಿಟ್ಟಿದಾರೆ."

ಸುಳ್ಳಲ್ಲ. ಗುಂಡಿ ತೋಡಿದವರು ಮತ್ತೆ ಈ ಕಡೆ ಸುಳಿದಿಲ್ಲ. ಮನೆಯಿಂದ ರಸ್ತೆಗೆ ಬರಲು ಹಲಗೆಯೇ ಗತಿ. ಗ್ಯಾಸ್ ಸಿಲಿಂಡರು, ನೀರಿನ ಕ್ಯಾನು, ಅಕ್ಕಿ ಮೂಟೆ, ಹಬ್ಬಕ್ಕೆ ಬಂದ ನೆಂಟರು, ಎಲ್ಲವನ್ನೂ ದಾಟಿಸುವುದು ಕೆಲಸವಿಲ್ಲದೆ ಮನೆಯಲ್ಲಿದ್ದ ಇವನ ಪಾಲಿಗೆ ಬಂದಿತ್ತು.

"ಈ ಪೀಪಾಯಿಗಿಂತ ಕಷ್ಟದ್ದನ್ನ ದಾಟಿಸಿದ್ದೀಯಾ?" ಎಂದು ಕೇಳಿದರಂತೆ ಆಫೀಸರು.

"ನಮ್ಮ ಸೋದರತ್ತೆನ ಸಾರ್. ಹಲಗೆ ಮಧ್ಯದಲ್ಲಿ ನಿಂತು ಪಕ್ಕದ ಮನೆಯವರ ಜೊತೆ ಮಾತಿಗೆ ಶುರುಮಾಡಿಬಿಟ್ರು."

ಹುಡುಗ ಆಯ್ಕೆಯಾದ.

ತುಪ್ಪ

ಇನ್ನು ಉಳಿದದ್ದು ವೈದ್ಯಕೀಯ ಪರೀಕ್ಷೆ. ಅಲ್ಲಿ ಹುಡುಗ ಸಿಕ್ಕಿಬಿದ್ದ. ಎತ್ತರಕ್ಕೆ ತಕ್ಕ ತೂಕವಿಲ್ಲ. ಕೆಲವು ವಾರಗಳ ಸಮಯ ಕೊಟ್ಟು, ತೂಕ ಮಾಡಿಕೊಂಡು ಬಾ, ಆಗಲೂ ಬರದಿದ್ದರೆ ಇಲ್ಲ ಎಂದು ಕಳಿಸಿದರು. ತಪ್ಪು ನನ್ನ ಓಟದ್ದು ಮಾತ್ರವಲ್ಲ. ಕೆಲಸ ಹೋದಾಗಿನಿಂದ ಹುಡುಗ ತಟ್ಟೆಯ ಮುಂದೆ ಕೂತರೆ ತಲೆ ಎತ್ತುತ್ತಿರಲಿಲ್ಲ, ಎರಡನೇ ಸಲ ಹಾಕಿಸಿಕೊಳ್ಳುತ್ತಿರಲಿಲ್ಲ. ದುಡಿಯದೆ ತಿನ್ನುತ್ತಿದ್ದೇನೆ ಎಂಬ ಸಂಕೋಚ ಅವನಿಗೆ.

ಅವತ್ತು ಸಂಜೆ ತಾಯಿ ನಮ್ಮ ಮನೆಗೆ ಬಂದು ಕೂತರು. ಆಮೇಲೆ ಹೇಳಿದರು. "ನೋಡಿ ಮೇಜರ್ ಸಾರ್, ಹೊಟ್ಟೆ ತುಂಬ ಹಾಕಿದ್ರೆ ಮಗ ಹೋಗ್ತಾನೆ. ಹಾಕ್ದೇ ಇದ್ರೆ ಉಳೀತಾನೆ. ಅವನು ಉಳೀಲಿ ಅಂತ ದೇವ್ರ ಹತ್ರ ಬೇಡ್ಕೊಂಡೋಳು ನಾನೇ. ಆದ್ರೆ ಬಡಿಸೋ ಕೈನ ಹೇಗೆ ಹಿಡ್ಕೊಳ್ಳಲಿ?"

ಒಳಗಿಂದ ಕಾಫಿ ತಂದ ನನ್ನ ಹೆಂಡತಿಯ ಕಣ್ಣೂ ತೇವವಾಗಿತ್ತು. ಹುಡುಗನ ತಾಯಿ ಕಾಫಿ ಗುಟುಕರಿಸಿ, ಏನೋ ಹೊಳೆದವರಂತೆ ಕೇಳಿದರು.

"ತೂಕ ಜಾಸ್ತಿ ಆದ್ರೂ ತಗೊಳ್ಳಲ್ವಾ?"

"ಇಲ್ಲಮ್ಮ. ಮಿತಿ ಮೀರಿದ್ರೆ ಅದಕ್ಕೂ ವಾಪಸ್ ಕಳಿಸ್ತಾರೆ" ಎಂದೆ, ಮುಂದಾಲೋಚನೆಯಿಲ್ಲದೆ.

ಆಕೆಯ ಮುಖ ಬೆಳಗಿತು. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. "ಬರ್ತೀನಿ, ಹೂರಣಕ್ಕೆ ಬೇಳೆ ಬೇಯಿಸ್ಬೇಕು."

ಆವತ್ತಿನಿಂದ ಎದುರು ಮನೆಯಲ್ಲಿ ದಿನವೂ ಹಬ್ಬ. ಹೋಳಿಗೆ, ಬಿಸಿಬೇಳೆ ಬಾತು, ಗಸಗಸೆ ಪಾಯಸ, ಸಂಜೆಗೆ ಗಾಂಧಿ ಬಜಾರಿನ ಬೆಣ್ಣೆ ದೋಸೆ. ಎಲ್ಲದರ ಮೇಲೂ ತುಪ್ಪ. 'ತಿನ್ನೋದೇ ಈಗ ನಿನ್ನ ಕೆಲ್ಸ ಕಣೋ' ಎಂದು ತಾಯಿ ಹೇಳಿದ ಮೇಲೆ ಹುಡುಗನ ಸಂಕೋಚವೂ ಹೋಯಿತು. ಅವನು ತಲೆ ಎತ್ತಿ, ಕೇಳಿ ಹಾಕಿಸಿಕೊಂಡು ತಿಂದ. ತೂಕ ಬಂತು. ಬಂದದ್ದು ನಿಲ್ಲಲಿಲ್ಲ, ಮಿತಿಯ ಕಡೆಗೆ ಹೊರಟಿತು. ಆಗ ನನಗೆ ಆಕೆಯ ಯುದ್ಧತಂತ್ರ ಅರ್ಥವಾಯಿತು. ಸೈನ್ಯದಲ್ಲಿ ಇಷ್ಟು ವರ್ಷ ಇದ್ದ ನನಗೆ ಅಡುಗೆಮನೆಯಿಂದಲೇ ಮುತ್ತಿಗೆ ಹಾಕಿದ್ದರು.

ನಾನೂ ಬಿಡಲಿಲ್ಲ. ಬೆಳಗ್ಗೆ ಎರಡು ಸುತ್ತು ಜಾಸ್ತಿ ಓಡಿಸಿದೆ. ಮಾರನೇ ದಿನದಿಂದ ಆಕೆ ಪಾರ್ಕಿಗೇ ನನಗೊಂದು ಡಬ್ಬಿ ಕಳಿಸತೊಡಗಿದರು. ಬಿಸಿಬಿಸಿ ಖಾರಾಪೊಂಗಲ್. ನಾನು ತಿಂದು ಕೈ ತೊಳೆಯುವಷ್ಟರಲ್ಲಿ ಬಿಸಿಲೇರಿ ಓಟದ ಹೊತ್ತು ಮೀರುತ್ತಿತ್ತು. ಬೇಡ ಎನ್ನಬಹುದಿತ್ತು. ಮೇಲೆ ಹುರಿದ ಗೋಡಂಬಿ ಇತ್ತು, ಹೇಗೆ ಬೇಡ ಎನ್ನಲಿ?

ವಾರಕ್ಕೊಮ್ಮೆ ಔಷಧಿ ಅಂಗಡಿಯ ತೂಕದ ಯಂತ್ರದ ಮುಂದೆ ಎರಡೂ ಪಕ್ಷದವರು ಸೇರುತ್ತಿದ್ದೆವು. ಮುಳ್ಳು ಬಲಕ್ಕೆ ಹೋಗಲೆಂದು ಆಕೆ, ಅಲ್ಲೇ ನಿಲ್ಲಲೆಂದು ನಾನು. ಕೊನೆಗೆ ಹುಡುಗ ಮರುಪರೀಕ್ಷೆಗೆ ಹೋಗಿ ಬಂದ. ನನ್ನ ಓಟವೂ ಆಕೆಯ ತುಪ್ಪವೂ ಸರಿಯಾಗಿ ಮಧ್ಯದಲ್ಲಿ ಬಂದು ನಿಂತಿದ್ದವು. ಪಾಸು.

"ಇನ್ನೊಂದು ವಾರ ಸಿಕ್ಕಿದ್ರೆ ನಾನೇ ಗೆಲ್ತಿದ್ದೆ" ಎಂದರು ಆಕೆ, ಕಣ್ಣೊರೆಸಿಕೊಂಡು. ಆಮೇಲೆ ಬೀದಿಗೆಲ್ಲ ಸಿಹಿ ಹಂಚಿದವರೂ ಅವರೇ.

ತರಬೇತಿಗೆ ಹೊರಡುವ ದಿನ ನಾವೆಲ್ಲ ರೈಲ್ವೆ ಸ್ಟೇಷನ್ನಿಗೆ ಹೋದೆವು. ಹುಡುಗ ತಾಯಿಯ ಕಾಲಿಗೆ ಬಿದ್ದ. ಆಕೆ ಅಳಲಿಲ್ಲ. ಅವನ ಚೀಲದ ಜಿಪ್ಪು ಎಳೆದು ಹಾಕುತ್ತಾ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು. "ಮೇಜರ್ ಸಾರ್, ಒಳಗೆ ಸೇರಿದ್ಮೇಲೆ ದಪ್ಪ ಆದ್ರೆ ಮನೆಗೆ ಕಳ್ಸಿಬಿಡ್ತಾರಾ?"

"ಇಲ್ಲಮ್ಮ. ಇಳಿಯೋವರೆಗೂ ಓಡಿಸ್ತಾರೆ, ಬೆಳಗ್ಗೆ ಸಂಜೆ ಎರಡು ಹೊತ್ತೂ."

ಆಕೆ ಹಾಕಿದ ಜಿಪ್ಪನ್ನು ಮತ್ತೆ ಬಿಚ್ಚಿದರು. ಬಟ್ಟೆಗಳ ಅಡಿಯಿಂದ ದೊಡ್ಡದೊಂದು ತುಪ್ಪದ ಡಬ್ಬಿ ಈಚೆ ತೆಗೆದು ನನ್ನ ಕೈಗೆ ಕೊಟ್ಟರು.

"ಇದನ್ನ ನೀವೇ ಇಟ್ಕೊಳ್ಳಿ. ನಿಮ್ಮನ್ನ ಇನ್ಯಾರೂ ಓಡಿಸಲ್ಲ."