ಬೋರ್ಡಿನ ಮೂಲೆಯ ಹೆಸರು

ಬೋರ್ಡಿನ ಮೂಲೆಯಲ್ಲಿ ತನ್ನ ಹೆಸರು ಬರೆಯದಿದ್ದರೆ ಪೇಂಟರಿಗೆ ಆ ದಿನ ಏನೂ ಆಗುತ್ತಿರಲಿಲ್ಲ. ಆದರೆ ಕೈ ಕೇಳಬೇಕಲ್ಲ. ಇಪ್ಪತ್ತೆರಡು ವರ್ಷದಿಂದ ಯಾವ ಬೋರ್ಡು ಬರೆದರೂ ಬಲಗಡೆ ಕೆಳಗೆ ಇರುವೆಯಂಥ ಅಕ್ಷರದಲ್ಲಿ ಹೆಸರು ಹಾಕಿಯೇ ಏಣಿ ಇಳಿಯುವವನು, ‘ನೆಲದ ಮಕ್ಕಳ ಸಂಘ’ದ ಹೊಸ ಬೋರ್ಡಿಗೂ ಹಾಕಿಬಿಟ್ಟ.

ಬೆಳಿಗ್ಗೆ ಅದನ್ನು ಮೊದಲು ಕಂಡವನು ಪಕ್ಕದ ಅಂಗಡಿಯ ಟೈಲರು. ಸೂಜಿಗೆ ದಾರ ಪೋಣಿಸಲು ಇನ್ನೊಬ್ಬರನ್ನು ಕರೆಯುವ ಅವನ ಕಣ್ಣಿಗೆ ಇದು ಮಾತ್ರ ಸರಿಯಾಗಿ ಬಿತ್ತು. ಇಷ್ಟು ವರ್ಷ ಬರೀ ಪೇಂಟರು ಎಂದೇ ಕರೆದವನ ಹೆಸರು ಇದೇ, ಇಂಥ ಹೆಸರು ನಮ್ಮವರಲ್ಲಿ ಕೇಳಿಲ್ಲವಲ್ಲ ಎಂದು ಸಂಘದ ಅಧ್ಯಕ್ಷರ ಕನ್ನಡಕದ ಅಂಗಡಿಗೆ ಓಡಿದ.

ಅಧ್ಯಕ್ಷರು ಪೇಂಟರನ್ನು ಕರೆಸಿ ಕೇಳಿದ್ದು ಒಂದೇ. “ನಿಮ್ಮಜ್ಜನ ಹೆಸರು ಪುಸ್ತಕದಲ್ಲಿದ್ಯೇನಪ್ಪಾ?”

ಪುಸ್ತಕವೆಂದರೆ ನಗರಸಭೆಯ ದಫ್ತರದ ಕೋಣೆಯಲ್ಲಿರುವ, ಪರದೇಶಿ ದೊರೆಗಳ ಕಾಲದ ದಪ್ಪ ರಿಜಿಸ್ಟರು. ಅದರಲ್ಲಿ ಅಜ್ಜನ ಹೆಸರಿದ್ದವನು ನೆಲದ ಮಗ. ಇಲ್ಲದವನು ಹೊರಗಿನವನು, ಅದೇ ಸಂಜೆ ಆರರೊಳಗೆ ಅಂಗಡಿ ಖಾಲಿ ಮಾಡಿ ಮಾರುಕಟ್ಟೆ ಬಿಡಬೇಕು, ಇದು ಸಂಘದ ನಿಯಮ. ದೊರೆಗಳನ್ನು ಬಯ್ಯದೆ ಭಾಷಣ ಮುಗಿಸದ ಅಧ್ಯಕ್ಷರಿಗೆ ದೊರೆಗಳ ಪುಸ್ತಕದ ಮೇಲೆ ಮಾತ್ರ ಅಪಾರ ನಂಬಿಕೆ.

ಪೇಂಟರನ ಅಂಗಡಿ ಮೆಟ್ಟಿಲ ಕೆಳಗಿನ ಒಂದು ಗೂಡು. ಅವನ ಅಪ್ಪನೂ ಅಲ್ಲೇ ಕೂತು ಬ್ರಷ್ ಹಿಡಿದವನು. ಅದು ಹೋದರೆ ಮನೆಮಂದಿಗೆಲ್ಲ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ. ಅವನು ನಗರಸಭೆಗೆ ಹೊರಟ. ಒಬ್ಬನನ್ನೇ ಬಿಟ್ಟರೆ ಹೆಸರು ತಾನೇ ಬರೆದುಕೊಂಡಾನು, ಹೇಗೂ ಕಸುಬು ಅದೇ ಎಂದು ಟೈಲರೂ ಬಾಲದ ಹಾಗೆ ಬಂದ.

ಮಧ್ಯಾಹ್ನದವರೆಗೆ ಹುಡುಕಿದರು. ಅಧ್ಯಕ್ಷರ ಅಜ್ಜ ಸಿಕ್ಕ, ಟೈಲರನ ಅಜ್ಜ ಸಿಕ್ಕ. ಪೇಂಟರನ ಅಜ್ಜ ಮಾತ್ರ ಎಲ್ಲೂ ಇಲ್ಲ. ಟೈಲರು ಅಯ್ಯೋ ಪಾಪ ಎನ್ನುತ್ತಲೇ ಆ ಗೂಡಿನಲ್ಲಿ ಇನ್ನೊಂದು ಹೊಲಿಗೆ ಮೆಷಿನ್ ಹಿಡಿಸೀತೇ ಎಂದು ವಿಚಾರಿಸಿದ.

ಆದರೂ ಪೇಂಟರಿಗೆ ಒಂದು ಕುತೂಹಲ ಉಳಿದಿತ್ತು. ಪುಸ್ತಕದ ಮೊದಲ ಹಾಳೆ ರಟ್ಟಿಗೆ ಅಂಟಿಕೊಂಡಿದೆಯಲ್ಲ, ಅದರಲ್ಲೇನಿದೆ? ದಫ್ತರದ ಗುಮಾಸ್ತರು ಅದನ್ನು ಯಾರೂ ಬಿಡಿಸಿ ನೋಡಿಲ್ಲ ಎಂದರು. ಪೇಂಟರನದು ಗೋಡೆಯ ಪೋಸ್ಟರ್ ಕಿತ್ತು ಪಳಗಿದ ಕೈ. ಒದ್ದೆ ಬಟ್ಟೆ ಒತ್ತಿ ಮೆಲ್ಲಗೆ ಬಿಡಿಸಿದ. ಹೆಸರುಗಳೆಲ್ಲ ನಮ್ಮ ಅಕ್ಷರದಲ್ಲಿದ್ದವು, ಈ ಹಾಳೆಯಲ್ಲಿ ಮಾತ್ರ ಪರದೇಶಿ ಭಾಷೆ, ಬಳ್ಳಿ ಹಬ್ಬಿದಂಥ ಬರಹ.

“ಭಾಷೆ ಬರುತ್ತೆ, ಈ ಕೈಬರಹ ನನ್ನಪ್ಪನಾಣೆ ಓದಕ್ಕಾಗಲ್ಲ,” ಎಂದರು ಗುಮಾಸ್ತರು.

ಪೇಂಟರನದು ಅದರ ತಿರುವುಮುರುವು. ಭಾಷೆ ಬಾರದು, ಆದರೆ ಹಳೆ ಸರಕಾರಿ ಬೋರ್ಡುಗಳಿಗೆ ಬಣ್ಣ ಹಚ್ಚಿ ಹಚ್ಚಿ ಆ ಸುರುಳಿ ಅಕ್ಷರಗಳೆಲ್ಲ ಕೈಗೆ ಗೊತ್ತು. ಒಂದೊಂದನ್ನೇ ಬಿಡಿಸಿ ದಪ್ಪಕ್ಷರದಲ್ಲಿ ಬರೆದುಕೊಟ್ಟ. ಗುಮಾಸ್ತರು ಗಟ್ಟಿಯಾಗಿ ಓದಿ ಅರ್ಥ ಹೇಳಿದರು.

“ಸೇತುವೆ ಕೆಲಸಕ್ಕೆ ಹೊರಗಿನಿಂದ ಹಡಗಿನಲ್ಲಿ ತರಿಸಿದ ಆಳುಗಳ ಪಟ್ಟಿ. ಊರಿನವರು ಕರೆದರೂ ಬಾರದ ಕಾರಣ ಅವರ ಹೆಸರು ಇದರಲ್ಲಿಲ್ಲ.”

ಟೈಲರು ಬಾಗಿಲಿಗೆ ಹೋಗಿ ಗಾಳಿ ಕುಡಿದ. ಪೇಂಟರಿಗೆ ಕುಣಿಯುವಷ್ಟು ಸಂತೋಷವಾಯಿತು. ಇಡೀ ಮಾರುಕಟ್ಟೆಯಲ್ಲಿ ನೆಲದ ಮಗ ಎಂದರೆ ತಾನೊಬ್ಬನೇ!

ಐದೂವರೆಗೆ ಅಧ್ಯಕ್ಷರ ಮುಂದೆ ಗುಮಾಸ್ತರು ಅರ್ಥ ಬರೆದುಕೊಟ್ಟ ಹಾಳೆ ಹಿಡಿದ. ಅವರು ಓದಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಓದಿದರು. ಬೆವರಿದ್ದ ಮುಖ ನಿಧಾನವಾಗಿ ಅರಳಿತು.

“ಅಂದ್ರೆ ಈ ಊರು ಕಟ್ಟಿದ್ದು ನಾವು. ಕರೆದ್ರೂ ಬರದೆ ಮನೇಲಿ ಕೂತೋನು ನಿಮ್ಮಜ್ಜ.”

ಪೇಂಟರು ತಡವರಿಸಿದ. “ಆದ್ರೆ ಸ್ವಾಮಿ, ನೆಲದ ಮಗ...”

“ಅದು ಬೆಳಿಗ್ಗೆ ಮಾತು. ಹೆಸರು ಪುಸ್ತಕದಲ್ಲಿ ಇದ್ಯೋ ಇಲ್ವೋ? ಇಲ್ಲ ತಾನೆ? ಆರು ಗಂಟೆ ಅಂದ್ರೆ ಆರು ಗಂಟೆ.”

ಆದರೂ ಅಧ್ಯಕ್ಷರು ಒಂದು ಗಂಟೆ ಹೆಚ್ಚು ಕೊಟ್ಟರು, ಬೋರ್ಡು ತಿದ್ದುವುದಕ್ಕೆ. ಅವನಷ್ಟು ಚೆನ್ನಾಗಿ ಬರೆಯುವವರು ಮಾರುಕಟ್ಟೆಯಲ್ಲಿ ಇನ್ನಾರೂ ಇರಲಿಲ್ಲ. ಪೇಂಟರು ಏಣಿ ಹತ್ತಿ ‘ನೆಲದ ಮಕ್ಕಳ’ ಅಳಿಸಿ ‘ಊರು ಕಟ್ಟಿದವರ’ ಎಂದು ಬರೆದ. ‘ಸಂಘ’ ಇದ್ದಂತೆಯೇ ನಡೆಯಿತು. ಅಭ್ಯಾಸಬಲದಿಂದ ಬ್ರಷ್ಷು ಬಲಗಡೆ ಕೆಳಗಿನ ಮೂಲೆಗೆ ಸರಿಯಿತು.

“ಆ ಮೂಲೇಲಿರೋ ಹಳೇ ಹೆಸರನ್ನೂ ಅಳಿಸಿಬಿಡಪ್ಪಾ,” ಎಂದ ಟೈಲರು, ಕೆಳಗಿನಿಂದ ಏಣಿ ಹಿಡಿದುಕೊಂಡು.