ಸೌದಿ ಒಲೆಗೆ ಉಣ್ಣಿಸಿದ್ದು

ನನ್ನ ಹಣೆಯಲ್ಲಿ ಏನು ಬರೆದಿದೆಯೋ, ಬೇರೆಯವರ ಅಂಗಡಿಗೆ ಕೆಟ್ಟ ಮಿಕ್ಸಿ, ಸುಟ್ಟ ಪಂಪು ಬರುತ್ತವೆ. ನನ್ನ ಅಂಗಡಿಗೆ ಬರುವಂಥವು ಬೇರೆ ಯಾರಿಗೂ ಬರುವುದಿಲ್ಲ. ಬಂಟ್ವಾಳ ಪೇಟೆಯಲ್ಲಿ ಇಪ್ಪತ್ತೈದು ವರ್ಷ ಮೋಟಾರು ವೈಂಡಿಂಗ್ ಮಾಡಿದ ಆಚಾರಿ ನಾನು. ಬಾವಿಗೆ ಬಿದ್ದ ಪಂಪು, ಹಲ್ಲಿ ಸಿಕ್ಕಿ ನಿಂತ ಗ್ರೈಂಡರು, ಮಿಂಚು ಹೊಡೆದ ಫ್ರಿಜ್ಜು ಎಲ್ಲ ನೋಡಿದ್ದೇನೆ. ಯಾವುದಕ್ಕೂ ಹೆದರಿದವನಲ್ಲ, ಯಾವುದರ ಪುಸ್ತಕವನ್ನೂ ಓದಿದವನಲ್ಲ. ಆದರೆ ತೊಂಬತ್ತರ ದಶಕದ ಕೊನೆಗೆ ಪಾಣೆಮಂಗಳೂರಿಗೆ ಬಂದ ಒಂದು ಒಲೆ ಆರು ತಿಂಗಳು ನನ್ನ ಮಾನ ತೆಗೆಯಿತು.

ಒಲೆಯ ಯಜಮಾನರು ಒಬ್ಬ ಸಾಹೇಬರು. ಹದಿನೆಂಟು ವರ್ಷ ಸೌದಿಯಲ್ಲಿ ಒಂದು ಕಂಪೆನಿಯ ಕ್ಯಾಂಪಿನಲ್ಲಿ ಅಡುಗೆ ಮಾಡಿದವರು. ಅಲ್ಲಿ ಕೋಳಿಯನ್ನು ಬರೀ ಹೊಗೆಯಲ್ಲಿ ಬೇಯಿಸುವ ಯಂತ್ರವೊಂದು ಇತ್ತಂತೆ. ಕ್ಯಾಂಪು ಮುಚ್ಚಿದಾಗ ಅದನ್ನು ಕಾರ್ಗೋದಲ್ಲಿ ಹಾಕಿಸಿಕೊಂಡು, ಜೊತೆಗೆ ಅದಕ್ಕೆ ಉರಿಸುವ ಮರದ ಗುಳಿಗೆಯ ಮೂರು ಚೀಲವನ್ನೂ ತಂದು, ಪಾಣೆಮಂಗಳೂರಿನಲ್ಲಿ ಸಣ್ಣ ಹೋಟೆಲು ಹಾಕಿದರು. ನೋಡಲಿಕ್ಕೆ ಅದು ಮಲಗಿಸಿದ ಡಾಂಬರು ಡ್ರಮ್ಮು. ಪಕ್ಕದಲ್ಲಿ ಒಂದು ಪೆಟ್ಟಿಗೆ. ಪೆಟ್ಟಿಗೆಗೆ ಮರದ ಹುಡಿ ಒತ್ತಿ ಮಾಡಿದ ಗುಳಿಗೆ ತುಂಬಬೇಕು. ಅಡಿಯಲ್ಲಿ ಒಂದು ಉದ್ದದ ತಿರುಪು ತಿರುಗುತ್ತ, ಗುಳಿಗೆಗಳನ್ನು ಎಳೆದುಕೊಂಡು ಹೋಗಿ ಬೆಂಕಿಯ ಬಟ್ಟಲಿಗೆ ಹಾಕುತ್ತದೆ. ಒಲೆ ತನ್ನಷ್ಟಕ್ಕೆ ಉಣ್ಣುತ್ತದೆ, ನಾವು ಸುಮ್ಮನೆ ಕುಳಿತರೆ ಸಾಕು ಎಂದು ಸಾಹೇಬರು ಹೇಳಿದ್ದರು.

ಕ್ಯಾಂಪು ಮುಚ್ಚಿದರೂ ಕಂಪೆನಿಯ ಕೆಲಸ ಹೋಗಿರಲಿಲ್ಲ, ಅವರ ರಜೆ ಆರು ತಿಂಗಳು. ಅಷ್ಟರೊಳಗೆ ಹೋಟೆಲು ಹಿಡಿದರೆ ಊರಿನಲ್ಲೇ ನಿಲ್ಲುವುದು, ಇಲ್ಲದಿದ್ದರೆ ವೀಸಾ ಮುಗಿಯುವ ಮೊದಲು ಮತ್ತೆ ವಿಮಾನ ಹತ್ತುವುದು. ಇದನ್ನು ಅವರು ನನಗೆ ಹೇಳಿದ್ದಕ್ಕಿಂತ ಹೆಚ್ಚು ಸಲ ಅವರ ಉಮ್ಮ ಹೇಳಿದ್ದಾರೆ. ಉಮ್ಮನಿಗೆ ಎಪ್ಪತ್ತು ದಾಟಿತ್ತು. ಮಗ ಒಬ್ಬನೇ. ಹದಿನೆಂಟು ವರ್ಷದಲ್ಲಿ ಅವನನ್ನು ಕಣ್ಣು ತುಂಬ ನೋಡಿದ್ದು ಎಂಟು ರಜೆಯಲ್ಲಿ ಮಾತ್ರ.

ಮಿನಿಟಿಗೆ ಎರಡು ಸುತ್ತು

ಸಾಹೇಬರ ಮೊದಲ ಕರೆ ಬಂದದ್ದು ಹೋಟೆಲು ತೆರೆದ ಮೂರನೇ ದಿನ. "ಆಚಾರ್ರೇ, ಒಲೆ ಉಣ್ಣುವುದಿಲ್ಲ. ಒಮ್ಮೆ ಬಂದು ಹೋಗಿ."

ಸೌದಿಯ ಆ ಕ್ಯಾಂಪಿನ ಕರೆಂಟು ನೂರ ಹತ್ತು ವೋಲ್ಟು, ನಮ್ಮದು ಇನ್ನೂರ ಮೂವತ್ತು, ಅದೂ ಇರುವ ದಿನ. ಅದಕ್ಕೆ ಬೇಕಾದ ಟ್ರಾನ್ಸ್‌ಫಾರ್ಮರನ್ನು ನಾನೇ ಸುತ್ತಿ ಕೊಟ್ಟಿದ್ದೆ. ಹಾಗಾಗಿ ತಪ್ಪು ನನ್ನದಲ್ಲ ಎಂದು ದಾರಿಯಲ್ಲೇ ತೀರ್ಮಾನಿಸಿಕೊಂಡು ಹೋದೆ. ಮೋಟಾರಿನ ಹತ್ತಿರ ಬಗ್ಗಿ ನೋಡಿದೆ. ಅಲುಗುವುದಿಲ್ಲ. ಕಿವಿ ಇಟ್ಟೆ. ಏನೋ ಗುಂಯ್ ಎಂದಂತಾಯಿತು ಅಷ್ಟೇ.

"ಸತ್ತಿದೆ" ಅಂದೆ.

ಬಿಚ್ಚಿಕೊಂಡು ಬಂದು, ಎರಡು ದಿನ ಕೂತು, ಕೂದಲಿನಷ್ಟು ಸಪೂರ ತಂತಿಯಲ್ಲಿ ಹೊಸ ವೈಂಡಿಂಗ್ ಮಾಡಿ ಕೂರಿಸಿದೆ. ಮತ್ತೆ ಅಲುಗುವುದಿಲ್ಲ. ನನಗೆ ಸಿಟ್ಟು ಬಂತು. ಸೌದಿಯ ಮೋಟಾರನ್ನು ಕಿತ್ತು ಬದಿಗಿಟ್ಟು, ತಿರುಪಿಗೆ ನೇರವಾಗಿ ಒಂದು ಗ್ರೈಂಡರಿನ ಮೋಟಾರು ಕಟ್ಟಿ ಸ್ವಿಚ್ಚು ಹಾಕಿದೆ. ಒಲೆ ಉಂಡಿತು. ಒಂದು ತಿಂಗಳಿಗೆ ಬರಬೇಕಾದ ಒಂದು ಚೀಲ ಗುಳಿಗೆಯನ್ನು ಐದು ಮಿನಿಟಿನಲ್ಲಿ ಉಂಡಿತು. ಮುಚ್ಚಳದ ಸಂದಿಯಿಂದ ಬೆಂಕಿ ಒಂದಾಳು ಎತ್ತರಕ್ಕೆ ಎದ್ದು, ಪಕ್ಕದ ಬಟ್ಟೆ ಅಂಗಡಿಯವರು ಎರಡು ಕೊಡಪಾನ ನೀರಿನೊಂದಿಗೆ ಓಡಿ ಬಂದರು.

ಎಲ್ಲ ಆರಿದ ಮೇಲೆ ಸಾಹೇಬರು ಮೆಲ್ಲಗೆ ಹೇಳಿದರು. "ಅದರ ಮೋಟಾರು ಹಾಗೆಯೇ ಆಚಾರ್ರೇ. ಮಿನಿಟಿಗೆ ಎರಡೇ ಸುತ್ತು."

"ಮೊದಲೇ ಹೇಳ್ಬಾರದಾ ಮಾರಾಯ್ರೆ?"

"ನೀವು ಕೇಳಿದ್ರೆ ಹೇಳ್ತಿದ್ದೆ. ಬಂದವರೇ ಬಿಚ್ಚಿದ್ರಿ."

ಆಗ ಉಮ್ಮ ನೆಲ ಗುಡಿಸುತ್ತ ಉಗುರಿನಷ್ಟು ಉದ್ದದ ಎರಡು ಕಬ್ಬಿಣದ ಚೂರು ಹೆಕ್ಕಿ, "ಇದು ಯಾರದ್ದು?" ಎಂದು ಕೇಳಿದರು. ಮೋಟಾರನ್ನೂ ತಿರುಪನ್ನೂ ಜೋಡಿಸುವ ಪಿನ್ನು. ಅದು ತುಂಡಾಗಿದ್ದದ್ದೇ ಮೊದಲಿನಿಂದ ಇದ್ದ ತೊಂದರೆ. ಮೋಟಾರು ಪಾಪ ಸ್ವಿಚ್ಚು ಹಾಕಿದಾಗಲೆಲ್ಲ, ಕಣ್ಣಿಗೆ ಕಾಣದಷ್ಟು ಮೆಲ್ಲಗೆ, ತನ್ನ ಎರಡು ಸುತ್ತು ಸುತ್ತುತ್ತಲೇ ಇತ್ತು. ನಾನು ತಲೆ ತಗ್ಗಿಸಿ ಸೌದಿಯ ಮೋಟಾರನ್ನೇ ಮತ್ತೆ ಕೂರಿಸಿ ಹೊಸ ಪಿನ್ನು ಹಾಕಿದೆ. ಉಮ್ಮ ಮುಚ್ಚಳ ತೆಗೆದು, ಬೇಯಲೆಂದು ಇಟ್ಟು ಒಳಗೆ ಇದ್ದಿಲಾಗಿದ್ದ ಆರು ಕೋಳಿಗಳನ್ನು ನೋಡಿ ಮಗನನ್ನು ಕೇಳಿದರು. "ಮೋನೇ, ಸೌದಿಯಲ್ಲಿ ಇದನ್ನು ತಿನ್ನುವುದಾ, ಇದರಲ್ಲಿ ಹಲ್ಲುಜ್ಜುವುದಾ?"

ನಾಲ್ಕು ಕಾಲಿನ ಗಿರಾಕಿಗಳು

ತಂದ ಮೂರು ಚೀಲ ಗುಳಿಗೆಯಲ್ಲಿ ಒಂದನ್ನು ನಾನು ಐದು ಮಿನಿಟಿನಲ್ಲಿ ಸುಟ್ಟೆನಲ್ಲ, ಉಳಿದದ್ದು ಎರಡು ತಿಂಗಳಿಗೆ ಮುಗಿಯಿತು. ಮಂಗಳೂರಿನಲ್ಲಿ ವಿಚಾರಿಸಿದರೆ ಮೆಡಿಕಲ್ ಅಂಗಡಿಗೆ ಹೋಗಿ ಅಂದರು.

ಆ ವಾರ ನಾನು ಒಂದು ಪಂಪಿನ ಕೆಲಸಕ್ಕೆ ಮೂಡುಬಿದಿರೆಗೆ ಹೋಗಿದ್ದೆ. ಅಲ್ಲಿ ಒಂದು ಅಂಗಡಿಯ ಮುಂದೆ ಚೀಲ ಬಿಚ್ಚಿಟ್ಟಿದ್ದರು. ಅದೇ ಗಾತ್ರ, ಅದೇ ಬಣ್ಣ, ಅದೇ ಹೊಳಪು! ಒಂದನ್ನು ತೆಗೆದು ಮೂಸಿದೆ. ಸ್ವಲ್ಪ ಬೆಲ್ಲದ ವಾಸನೆ. ಒಳ್ಳೆಯ ಮರ ಇರಬೇಕು ಎಂದುಕೊಂಡು ಎರಡು ಚೀಲ ಬಸ್ಸಿನ ಮೇಲೆ ಹಾಕಿಸಿ ತಂದೆ. ಚೀಲದ ಮೇಲೆ ಹಸುವಿನ ಚಿತ್ರ ಇತ್ತು. ಅದು ಕಂಪೆನಿಯ ಗುರುತು ಎಂದು ನಾನು, ಚೀಲ ಹಳೆಯದು ಎಂದು ಸಾಹೇಬರು ಭಾವಿಸಿದೆವು.

ಒಲೆ ಹೊತ್ತಿತು. ತಿರುಪು ಸರಾಗ ತಿರುಗಿತು. ಹೊಗೆಯೂ ಬಂತು. ಹಿಂಡಿ ಹುರಿದ ಪರಿಮಳ ಇಡೀ ಬೀದಿಗೆ ಹಬ್ಬಿತು. ಮೊದಲು ಬಂದದ್ದು ಮೀನು ಮಾರ್ಕೆಟ್ಟಿನ ಕಡೆಯ ಒಂದು ಕಪಿಲೆ ದನ. ಆಮೇಲೆ ಅದರ ಕರು. ಆಮೇಲೆ ಊರಿನ ಆಡುಗಳೆಲ್ಲ ಸಾಲಾಗಿ ಬಂದು ಹೋಟೆಲಿನ ಬಾಗಿಲಲ್ಲಿ ನಿಂತವು. ಎರಡು ಹೋತಗಳು ಒಳಗೆ ಬಂದು ಬೆಂಚಿನ ಹತ್ತಿರವೇ ನಿಂತುಬಿಟ್ಟವು. ಓಡಿಸಿದರೆ ಹಿಂದಿನ ಬಾಗಿಲಿನಿಂದ ಬರುತ್ತವೆ. ಊಟಕ್ಕೆ ಬಂದ ಮನುಷ್ಯರು ರಸ್ತೆಯಾಚೆಯೇ ನಿಂತು ನೋಡಿ ಹಿಂದೆ ಹೋದರು.

ಸಾಹೇಬರು ತಲೆಯ ಮೇಲೆ ಕೈ ಹೊತ್ತು ಕೂತರು. ಉಮ್ಮ ಮಾತ್ರ ಆಡುಗಳನ್ನು ಒಂದೊಂದಾಗಿ ಕಣ್ಣಳತೆಯಲ್ಲಿ ತೂಗಿ ನೋಡಿ ಹೇಳಿದರು. "ಇನ್ನು ಸಾಮಾನಿಗೆ ಮಾರ್ಕೆಟ್ಟಿಗೆ ಹೋಗ್ಲಿಕ್ಕಿಲ್ಲ ಮೋನೇ. ನಡ್ಕೊಂಡೇ ಬರ್ತದೆ."

ಹಲಸಿನ ಪರಿಮಳ

ಸಿಗದಿದ್ದರೆ ನಾವೇ ಮಾಡುವ ಎಂದು ಹೊರಟದ್ದು ಆಮೇಲೆ. ಸಾಹೇಬರ ಹೆಂಡತಿಯ ಊರು ಬೆಳ್ತಂಗಡಿ. ಅವರ ಅಣ್ಣನದ್ದು ಅಲ್ಲಿ ಮರದ ಮಿಲ್ಲು. ಹಲಸಿನ ಮರದ ಹುಡಿ ಬೇಕಾದಷ್ಟು ಉಂಟು, ಬಂದು ಕೊಂಡುಹೋಗಿ ಎಂದರು. ಹುಡಿ ಬಂತು. ಅದನ್ನು ಗುಳಿಗೆ ಮಾಡುವುದು ಹೇಗೆ?

ನಮ್ಮ ಕಡೆ ಪ್ರತಿ ಮನೆಯಲ್ಲೂ ಸೇಮಿಗೆ ಒತ್ತುವ ಮಣೆ ಇರುತ್ತದೆ. ಬೆಂದ ಅಕ್ಕಿಹಿಟ್ಟಿನ ಉಂಡೆ ಹಾಕಿ ಮೇಲಿನ ಹಿಡಿ ತಿರುಗಿಸಿದರೆ ಕೆಳಗೆ ನೂಲು ನೂಲಾಗಿ ಇಳಿಯುತ್ತದೆ. ನಾನು ಅದರ ಅಚ್ಚಿನ ತೂತು ಸ್ವಲ್ಪ ದೊಡ್ಡದು ಮಾಡಿದೆ. ಹುಡಿಗೆ ಗಂಜಿ ತಿಳಿ ಕಲಸಿ, ಒತ್ತಿ, ಕತ್ತರಿಸಿ, ಚಾಪೆಯ ಮೇಲೆ ಒಣಗಿಸಿದೆವು. ಉಮ್ಮ ಮದುವೆಯಾಗಿ ಬರುವಾಗ ತಂದ ಮಣೆ ಅದು. ಅವರು ಪೇಟೆಗೆ ಹೋದ ಹೊತ್ತು ನೋಡಿ ಈ ಕೆಲಸ ಮಾಡಿ, ಸಂಜೆಯೊಳಗೆ ತೊಳೆದು ಇದ್ದಲ್ಲೇ ಇಟ್ಟೆವು.

ಗುಳಿಗೆ ಒಂದು ದಿನ ಚೆನ್ನಾಗಿ ಉರಿಯಿತು. ಎರಡನೇ ದಿನ ಮಳೆ. ತೇವ ಕುಡಿದ ಗುಳಿಗೆ ಉಬ್ಬಿ, ಒಡೆದು, ತಿರುಪಿನ ಉದ್ದಕ್ಕೂ ಗಟ್ಟಿ ಹಿಟ್ಟಾಗಿ ಕೂತಿತು. ನಾನು ಉಳಿ ಹಿಡಿದು ಕೆರೆಯುತ್ತಿದ್ದಾಗಲೇ ಬೆಳ್ತಂಗಡಿಯ ಅಣ್ಣ, ಅಂದರೆ ಮಿಲ್ಲಿನವರು, ತಂಗಿಯ ಮನೆಗೆಂದು ಬಂದರು. ಉಮ್ಮ ಸಂಭ್ರಮದಲ್ಲಿ ಸೇಮಿಗೆ ಒತ್ತಿ, ತೆಂಗಿನ ಹಾಲು ಹಾಕಿ ಬಡಿಸಿದರು. ಸಾಹೇಬರೂ ನಾನೂ ಮುಖ ಮುಖ ನೋಡಿಕೊಂಡೆವು.

ಅಣ್ಣ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಎಂಥ ಪರಿಮಳ! ಏಲಕ್ಕಿಯಾ?"

ಸಾಹೇಬರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಅಲ್ಲ ಭಾವ" ಅಂದರು, "ನಿಮ್ಮ ಮಿಲ್ಲಿನದ್ದೇ."

ಪುಸ್ತಕದಲ್ಲಿ ಇಲ್ಲದ್ದು

ಮಳೆ ಬಿಟ್ಟ ಮೇಲೆ ಗುಳಿಗೆಯನ್ನು ಡಬ್ಬದಲ್ಲಿ ಮುಚ್ಚಿಟ್ಟು ಉಪಯೋಗಿಸಲು ಕಲಿತೆವು. ಆದರೂ ದಿನಕ್ಕೊಮ್ಮೆ ಬೆಂಕಿ ಆರುತ್ತಿತ್ತು. ಪೆಟ್ಟಿಗೆ ನೋಡಿದರೆ ತುಂಬಿದೆ, ಮೋಟಾರು ತಿರುಗುತ್ತದೆ, ಪಿನ್ನು ಸರಿ ಇದೆ. ನಾನು ಒಂದು ಇಡೀ ದಿನ ಎಲ್ಲ ಬಿಚ್ಚಿ ಜೋಡಿಸಿದೆ. ಏನೂ ಸಿಗಲಿಲ್ಲ.

ಉಮ್ಮ ಅಡುಗೆಮನೆಯಿಂದ ಕಬ್ಬಿಣದ ಸೌಟು ಹಿಡಿದುಕೊಂಡು ಬಂದು ಪೆಟ್ಟಿಗೆಗೆ ಒಂದು ಬಾರಿಸಿದರು. ಒಳಗೆ ಗಳಗಳ ಎಂದು ಸದ್ದಾಯಿತು. ಗುಳಿಗೆಗಳು ಒಂದಕ್ಕೊಂದು ಅಂಟಿ ಮೇಲೆ ಛಾವಣಿಯ ಹಾಗೆ ಮಾಡು ಕಟ್ಟಿಕೊಂಡು, ತಿರುಪಿನ ಹತ್ತಿರ ಬರೀ ಗುಹೆಯಾಗಿತ್ತು. "ಮಳೆಗಾಲದಲ್ಲಿ ಉಪ್ಪಿನ ಡಬ್ಬದಲ್ಲೂ ಹೀಗೇ ಆಗ್ತದೆ" ಎಂದರು.

ಸಾಹೇಬರು ಆವತ್ತು ಮೊದಲ ಬಾರಿಗೆ ಯಂತ್ರದ ಪುಸ್ತಕ ತೆರೆದು ಓದಿದರು. "ಹೌದು ಆಚಾರ್ರೇ, ಇದರಲ್ಲಿಯೂ ಉಂಟು. ಪೆಟ್ಟಿಗೆಯನ್ನು ಆಗಾಗ ಕದಡಬೇಕಂತೆ."

"ಸೌಟು ಅಂತ ಉಂಟಾ?" ಕೇಳಿದರು ಉಮ್ಮ.

"ಇಲ್ಲ."

"ಹಾಗಾದ್ರೆ ಬರೆದವನಿಗೆ ಪೂರ್ತಿ ಗೊತ್ತಿಲ್ಲ."

ಮೂಡುಬಿದಿರೆಯವರು ಬಂದ ದಿನ

ಹೀಗೆ ಐದು ತಿಂಗಳು ಮೂರು ವಾರ ಕಳೆಯಿತು. ಸಾಹೇಬರು ಮುಂಬಯಿಯಿಂದ ಟಿಕೇಟು ಮಾಡಿಸಿದರು. ಪ್ರಯಾಣದ ಪೆಟ್ಟಿಗೆ ಕಟ್ಟಿದ್ದೂ ಆಯಿತು. ಪ್ರತಿ ಸಲ ಮಗ ಹೊರಡುವಾಗ ಉಮ್ಮ ಭರಣಿ ತುಂಬ ಮಾವಿನ ಮಿಡಿ ಉಪ್ಪಿನಕಾಯಿ ಕಟ್ಟಿಕೊಡುತ್ತಿದ್ದರಂತೆ. ಈ ಸಲ ಮಿಡಿಯನ್ನೇ ತರಿಸಲಿಲ್ಲ. ನಾನಂತೂ ಕರೆಯದಿದ್ದರೂ ದಿನಾ ಹೋಗಿ ತಿರುಪಿಗೆ ಎಣ್ಣೆ ಬಿಟ್ಟು ಬರುತ್ತಿದ್ದೆ. ಎಷ್ಟೆಂದರೂ ಆ ಮೋಟಾರಿಗೆ ಕೈ ಹಾಕಿದವನು ನಾನಲ್ಲವೇ?

ಉಳಿದದ್ದು ಒಂದೇ ಆಸೆ. ಮೂಡುಬಿದಿರೆಯಲ್ಲಿ ಒಬ್ಬರು ದೊಡ್ಡ ಅಡುಗೆ ಕಂಟ್ರಾಕ್ಟರು. ಸುತ್ತಲಿನ ಮದುವೆಗಳ ಊಟವೆಲ್ಲ ಅವರದ್ದೇ. ಹೊಗೆ ಕೋಳಿಯ ಸುದ್ದಿ ಕೇಳಿ ಗುರುವಾರ ತಿಂದು ನೋಡಲಿಕ್ಕೆ ಬರುತ್ತೇನೆ ಎಂದಿದ್ದರು. ಅವರು ಒಪ್ಪಿದರೆ ಮದುವೆ ಸೀಸನ್ನಿಗೆ ಇಡೀ ಕೆಲಸ ಸಿಗುತ್ತದೆ, ಸಾಹೇಬರು ನಿಲ್ಲುತ್ತಾರೆ. ಒಪ್ಪದಿದ್ದರೆ ಶುಕ್ರವಾರದ ಮುಂಬಯಿ ಬಸ್ಸು.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೇ ಹೋಗಿ ನಾನು ಹೊಸ ಪಿನ್ನು ಹಾಕಿದೆ, ಎಣ್ಣೆ ಬಿಟ್ಟೆ, ಒಲೆ ಹೊತ್ತಿಸಿದೆ. ಒಲೆ ಇದ್ದದ್ದು ಹಿತ್ತಲಿನ ಜಗಲಿಯಲ್ಲಿ, ಬೆನ್ನು ಅಡುಗೆಮನೆಯ ಕಿಟಿಕಿಗೆ ತಾಗಿ. ಹನ್ನೊಂದಕ್ಕೆ ಕಂಟ್ರಾಕ್ಟರು ಬಂದರು. ನೀಲಿ ಹೊಗೆ ಒಂದೇ ಹದದಲ್ಲಿ ಬರುತ್ತಿತ್ತು. ಅಷ್ಟು ಹದವಾಗಿ ಅದು ಯಾವತ್ತೂ ಬಂದದ್ದಿಲ್ಲ. ಕೋಳಿ ಇಳಿಸಿ ಬಡಿಸಿದರು. ಕಂಟ್ರಾಕ್ಟರು ಮೊದಲ ಕಾಲನ್ನು ಮುಗಿಸಿ ಎರಡನೆಯದಕ್ಕೆ ಕೈ ಹಾಕಿದರು. ನಾನು ಕೋಳಿ ತಿನ್ನುವವನಲ್ಲ, ಆದರೆ ತಿನ್ನುವವರ ಮುಖ ಓದಬಲ್ಲೆ. ನನಗೆ ಧೈರ್ಯ ಬಂತು.

"ಮೋಟಾರಿನ ವೈಂಡಿಂಗ್ ನನ್ನದೇ" ಅಂದೆ. "ಮಿನಿಟಿಗೆ ಎರಡೇ ಸುತ್ತು. ಹೆಚ್ಚಿಲ್ಲ, ಕಡಿಮೆ ಇಲ್ಲ. ಅದಕ್ಕೇ ಈ ಹದ."

"ಭಾರೀ ಕೆಲಸ ಆಚಾರ್ರೇ" ಎಂದು ಅವರು ಹಣೆಯ ಬೆವರು ಒರೆಸಿಕೊಂಡು ಮೇಲೆ ನೋಡಿದರು. "ಫ್ಯಾನು ಯಾಕೆ ತಿರುಗುವುದಿಲ್ಲ?"

"ಕರೆಂಟು ಇಲ್ಲವಲ್ಲ" ಅಂದರು ರುಚಿ ನೋಡಲಿಕ್ಕೆ ಬಂದಿದ್ದ ಪಕ್ಕದ ಬಟ್ಟೆ ಅಂಗಡಿಯವರು. "ಹತ್ತು ಗಂಟೆಗೆ ಹೋದದ್ದು ಇನ್ನೂ ಬಂದಿಲ್ಲ."

ಎಲ್ಲರೂ ಹಿಂದಿನ ಬಾಗಿಲಿನಾಚೆ ಕಾಣುವ ಒಲೆಯ ಕಡೆ ತಿರುಗಿದೆವು. ಹೊಗೆ ಅದೇ ಹದದಲ್ಲಿ ಬರುತ್ತಲೇ ಇತ್ತು. ನಾನು ಏನೋ ಒಂದು ಹೇಳಬೇಕಲ್ಲ ಎಂದು, "ಸೌದಿಯದ್ದು ನೋಡಿ, ಕರೆಂಟು ಹೋದ್ರೂ ಸ್ವಲ್ಪ ಹೊತ್ತು ಅದೇ ನಡೀತದೆ" ಎಂದುಬಿಟ್ಟೆ. ಸಾಹೇಬರು ಅಷ್ಟರಲ್ಲಿ ಅಡುಗೆಮನೆಗೆ ಓಡಿದ್ದರು. ನಾವೂ ಹಿಂದಿನಿಂದ ಹೋದೆವು.

ಕಿಟಿಕಿಯ ಹತ್ತಿರ ಉಮ್ಮ ಮಣೆ ಹಾಕಿ ಕೂತಿದ್ದರು. ಒಂದು ಕೈಯಲ್ಲಿ ಬೀಸಣಿಗೆ, ಇನ್ನೊಂದರಲ್ಲಿ ಆ ಕಬ್ಬಿಣದ ಸೌಟು. ಮಡಿಲಿನ ಬಳಿ ಬುಟ್ಟಿ ತುಂಬ ಗುಳಿಗೆ, ಜೊತೆಗೆ ತೆಂಗಿನ ಗೆರಟೆಯ ಚೂರು. ಒಲೆಯ ಹಿಂದೆ ಬೂದಿ ತೆಗೆಯಲಿಕ್ಕೆ ಇದ್ದ ಸಣ್ಣ ಬಾಗಿಲನ್ನು ತೆರೆದುಕೊಂಡು, ಮನಸ್ಸಿನಲ್ಲೇ ಎಣಿಸುತ್ತ, ಒಂದೊಂದೇ ಸೌಟು ಹಾಕುತ್ತಿದ್ದರು. ಮುಖವೆಲ್ಲ ಮಸಿ, ಕಣ್ಣು ಕೆಂಪು.

"ಉಮ್ಮಾ! ಕರೆಂಟು ಹೋದದ್ದು ಹೇಳ್ಬಾರದಿತ್ತಾ?" ಅಂದರು ಸಾಹೇಬರು.

"ಹೇಳಿದ್ರೆ ಈ ಆಚಾರಿ ಅದನ್ನು ಮತ್ತೆ ಬಿಚ್ಚುತ್ತಿದ್ದ" ಅಂದರು ಉಮ್ಮ, ಸೌಟು ನಿಲ್ಲಿಸದೆ. ಆಮೇಲೆ ಸ್ವರ ಇಳಿಯಿತು. "ನಿನ್ನನ್ನು ಇನ್ನೊಮ್ಮೆ ಬಸ್ಸು ಹತ್ತಿಸ್ಲಿಕ್ಕೆ ನನ್ನಿಂದ ಆಗುವುದಿಲ್ಲ ಮೋನೇ."

ಸಾಹೇಬರು ಅಲ್ಲೇ ನೆಲದಲ್ಲಿ ಅವರ ಪಕ್ಕ ಕೂತುಬಿಟ್ಟರು. ನಾನು ಹೊಗೆ ಕಣ್ಣಿಗೆ ಹೋಯಿತು ಎಂದು ಹೊರಗೆ ಬಂದೆ. ಹೊಗೆ ನಿಜವಾಗಿ ಇತ್ತು, ಆದರೆ ಅದಕ್ಕಲ್ಲ.

ಕಂಟ್ರಾಕ್ಟರು ಸೀಸನ್ನಿನ ಮದುವೆಗಳ ಕೋಳಿಯೆಲ್ಲ ಸಾಹೇಬರದ್ದೇ ಎಂದು ಅಲ್ಲೇ ಮಾತು ಕೊಟ್ಟರು. ಟಿಕೇಟು ರದ್ದಾಯಿತು. ಸಾಹೇಬರು ಹಿತ್ತಲಿನಲ್ಲಿ ಇಟ್ಟಿಗೆ ಕಟ್ಟಿ ಕೈಯಲ್ಲೇ ಉಣ್ಣಿಸುವ ದೊಡ್ಡ ಒಲೆ ಮಾಡಿಸಿದರು. ಉಮ್ಮ ಅದರ ಯಜಮಾನಿ. ಸೌದಿ ಒಲೆ ಮೂಲೆಗೆ ಬಿತ್ತು.

ಆದರೆ ಕಂಟ್ರಾಕ್ಟರ ಕಣ್ಣು ಅದರ ಮೇಲೇ. ತನಗೆ ಅದು ಬೇಕೇ ಬೇಕೆಂದು ಹಠ ಹಿಡಿದರು. ಅದು ಉಣ್ಣುವುದಿಲ್ಲ ಎಂದು ಸಾಹೇಬರು ಹೇಳಿದರು, ಅದರ ಹೊಟ್ಟೆಯಲ್ಲಿರುವ ತೊಂದರೆಗಳನ್ನೆಲ್ಲ ನಾನು ಒಂದೊಂದಾಗಿ ಹೇಳಿದೆ. ಗುಟ್ಟು ಬಿಟ್ಟುಕೊಡಲು ಮನಸ್ಸಿಲ್ಲದೆ ಹೀಗೆ ಹೇಳುತ್ತಾರೆ ಎಂದು ಅವರು ನಕ್ಕರು. ಕೊನೆಗೆ ಉಮ್ಮ, "ಒಲೆ ಕೊಂಡುಹೋಗು ಮಗಾ. ಸೌಟು ಕೊಡುವುದಿಲ್ಲ" ಎಂದು ಲಾರಿ ಹತ್ತಿಸಿ ಕಳಿಸಿದರು.

ಹದಿನೈದು ದಿನಕ್ಕೆ ಅಂಗಡಿಯ ಫೋನು ಬಡಿಯಿತು. ಮೂಡುಬಿದಿರೆಯಿಂದ.

"ಆಚಾರ್ರೇ, ಕರೆಂಟು ಉಂಟು. ಮೋಟಾರು ತಿರುಗ್ತದೆ. ಪಿನ್ನು ನೋಡಿದೆ, ಪೆಟ್ಟಿಗೆಗೂ ಬಡಿದೆ. ಗುಳಿಗೆ ಒಣಗಿಯೇ ಉಂಟು. ಆದ್ರೂ ಉಣ್ಣುವುದಿಲ್ಲ. ಎಂತ ಮಾಡುವುದು ಮಾರಾಯ್ರೆ?"

ಇಪ್ಪತ್ತೈದು ವರ್ಷದ ಅನುಭವದಲ್ಲಿ ಅಂದು ಮೊದಲ ಸಲ, ಏನನ್ನೂ ಬಿಚ್ಚದೆ, ಕೂತಲ್ಲಿಂದಲೇ ಸರಿಯಾದ ಪ್ರಶ್ನೆ ಕೇಳಿದೆ.

"ಮನೆಯಲ್ಲಿ ಅಮ್ಮ ಇದ್ದಾರಾ?"